ಚತುರ್ದಶಿಯಂದು ಒತ್ತಿದ ಗುಂಡಿ

ಕುಸುಮಾವತಿಯಮ್ಮ ನಡೆಯುವಾಗ ನೆಲ ಬಿಟ್ಟು ಕಣ್ಣೆತ್ತುವವರಲ್ಲ. ಇರುವೆಯೊಂದು ಕಾಲಡಿಗೆ ಸಿಕ್ಕೀತೆಂಬ ಭಯ ಜೈನರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಅಷ್ಟಿಷ್ಟು ಇದ್ದದ್ದೇ. ಆದರೆ ಅರುವತ್ತಮೂರರ ಈ ನಿವೃತ್ತ ಟೀಚರು ಅದೇ ಎಚ್ಚರದ ದೃಷ್ಟಿಯನ್ನು ವೆಬ್‌ಸೈಟಿನ ಮೇಲೂ ಹಾಯಿಸಿದ್ದು ಮಾತ್ರ ಕಲ್ಪೆಟ್ಟದ ಸುತ್ತಮುತ್ತ ಬೇರೆಲ್ಲೂ ಕಾಣದ ಸೋಜಿಗ.

ಬೆಳಗಿನ ಸಾಮಾಯಿಕದ ಧ್ಯಾನ ಮುಗಿಸಿ, ತೀರಿಹೋದ ಯಜಮಾನರ ಉದ್ದನೆಯ ಉಣ್ಣೆಯ ಕೋಟನ್ನು ಸೀರೆಯ ಮೇಲೆ ತೊಟ್ಟು ಜಗಲಿಯಲ್ಲಿ ಕುಳಿತರೆಂದರೆ, ಊರೆಲ್ಲ ಮಲಯಾಳ ಪತ್ರಿಕೆಯಲ್ಲಿ ಮುಳುಗಿರುವ ಹೊತ್ತಿಗೆ ಇವರು ಫೋನಿನಲ್ಲಿ ಬೇರೆಯೇ ಲೋಕದ ವಾರ್ತೆ ಓದುತ್ತಿರುತ್ತಾರೆ: ಯಾವ ಬ್ರೌಸರು ಏನನ್ನು ಕೈಬಿಟ್ಟಿತು, ಸೈಟು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಎಂದು ಬರುತ್ತದೆ, ಸೈಟಿಗೆ ಜೋಡಿಸುವ ಯಾವ ಪ್ಲಗಿನ್ನಿನ ಕರ್ತೃ ಬೇಸತ್ತು ಅದನ್ನು ಅನಾಥವಾಗಿಸಿದ. ಒಮ್ಮೆ ಮದುವೆಯೂಟದ ಪಂಕ್ತಿಯಲ್ಲಿ, ಫೋಟೊಗಳ ಗಾತ್ರ ಇಳಿಸುವ ಹೊಸ ವಿಧಾನವನ್ನು ವರನ ಸೋದರಮಾವನಿಗೆ ಎಷ್ಟು ತನ್ಮಯತೆಯಿಂದ ವಿವರಿಸಿದರೆಂದರೆ, ಆತನ ಎಲೆಗೆ ಪಾಯಸ ಬೀಳಲೇ ಇಲ್ಲ. ಓದಿದ್ದೆಲ್ಲ ಅರ್ಥವಾಗುತ್ತದೆಯೇ ಎಂದು ನೆರೆಮನೆಯ ಶಿವನಂಜಪ್ಪ ಕೆಣಕಿದರೆ ಉತ್ತರ ಸಿದ್ಧ: "ನಕ್ಷತ್ರದ ಲೆಕ್ಕ ಬರದಿದ್ರೆ ಏನಾಯ್ತು, ಮಳೆ ಬರೋದು ಗೊತ್ತಾಗ್ತದಲ್ಲ?"

ಇಷ್ಟೆಲ್ಲ ಓದುವುದು ಸುಮ್ಮನೆ ಅಲ್ಲ. ಸೊಸೆ ಸುಪ್ರಿಯಾ ನಲವತ್ತು ಹೆಂಗಸರನ್ನು ಕೂಡಿಕೊಂಡು ಕರಿಮೆಣಸಿನ ಬಳ್ಳಿಯ ಸಸಿ ಮಾರುವ ಸಂಘ ನಡೆಸುತ್ತಾಳೆ. ಅದರ ವೆಬ್‌ಸೈಟನ್ನು ಕಟ್ಟಿದವರೂ ಕಾಯುವವರೂ ಅತ್ತೆಯೇ. ಅವರದೊಂದು ಹಟವುಂಟು. ಅಷ್ಟಮಿ, ಚತುರ್ದಶಿಗಳಂದು ಹಸಿರು ಕೊಯ್ಯುವುದಿಲ್ಲ, ಸೈಟಿನಲ್ಲಿ ಏನನ್ನೂ ಅಪ್‌ಡೇಟ್ ಮಾಡುವುದಿಲ್ಲ. ಹಿಂದೊಮ್ಮೆ ಚತುರ್ದಶಿಯಂದು ಮಾಡಲು ಹೋಗಿ ಎರಡು ದಿನ ಸೈಟು ಬರಿದಾಗಿತ್ತಂತೆ. ಎರಡನೆಯ ನಿಯಮ ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಈ ವರ್ಷ ಆರ್ದ್ರಾ ಮಳೆಗೆ ಮುನ್ನ ಸಸಿಗಳ ಬುಕಿಂಗ್ ತೆರೆಯುವ ದಿನವೇ ಚತುರ್ದಶಿ ಬಿತ್ತು. ಅಂದೇ ಬೆಳಿಗ್ಗೆ ಫೋನಿನಲ್ಲಿ ಸುದ್ದಿ: ಬುಕಿಂಗ್ ನಡೆಸುವ ಪ್ಲಗಿನ್ನಿನಲ್ಲಿ ದೋಷವಿದೆ, ಅದರ ಮೂಲಕ ಕಳ್ಳರು ಗಿರಾಕಿಗಳ ಫೋನು, ವಿಳಾಸ ದೋಚುತ್ತಿದ್ದಾರೆ, ತಿದ್ದಿದ ಆವೃತ್ತಿಯನ್ನು ಕೂಡಲೇ ಹಾಕಿಕೊಳ್ಳಿ. ಸಂಘವನ್ನು ನಂಬಿ ವಿವರ ಕೊಟ್ಟ ಕೃಷಿಕರು ಆರುನೂರು ಮಂದಿ. ಬುಕಿಂಗಿಗೆ ಉಳಿದದ್ದು ಎರಡು ಗಂಟೆ.

"ಸಾರಮಿಲ್ಲ ಅತ್ತೆ, ಪರವಾಗಿಲ್ಲ, ನಾಳೆ ಮಾಡಿದ್ರೆ ಸಾಕು. ಇಲ್ಲಾಂದ್ರೆ ನಾನೇ ಒತ್ಲಾ?" ಎಂದಳು ಸುಪ್ರಿಯಾ, ಅತ್ತೆಯ ವ್ರತ ಕೆಡಬಾರದೆಂದು.

ಕುಸುಮಾವತಿಯಮ್ಮ ಕೋಟಿನ ತೋಳು ಮೇಲೇರಿಸಿದರು. "ಬಾಗಿಲು ತೆರೆದಿಟ್ಟು ನಾನು ಪುಣ್ಯ ಕಟ್ಕೊಂಡು ಕೂತ್ರೆ ಆ ಜನದ ಗತಿ ಏನು ಮೋಳೆ, ನನ್ನ ಮಗಳೇ? ನಿಯಮ ನಂದು, ಮುರಿಯೋದೂ ನಾನೇ."

ಸೈಟಿನದೊಂದು ಪ್ರತಿ ತೆಗೆದಿಟ್ಟರು. ಹೊಸದನ್ನು ಮೊದಲು ಆ ಪ್ರತಿಯಲ್ಲಿ ಹಾಕಿ ನೋಡಿದರು. ಆಮೇಲೆ ಪಂಚನಮಸ್ಕಾರ ಮಂತ್ರ ಹೇಳಿ ನಿಜವಾದ ಗುಂಡಿ ಒತ್ತಿದರು. ಪುಟ ಬಿಳಿಚಿ ನಿಂತಿತು. ಅರೆ ನಿಮಿಷದಲ್ಲಿ ಬಳ್ಳಿಯ ಚಿತ್ರ ಮೂಡಿತು. ಸೈಟಿಗೆ ಬಂದುಹೋದವರ ದಾಖಲೆಯೆಲ್ಲ ಸೋಸಿದರೂ ಕಳ್ಳರು ಹೊಕ್ಕ ಗುರುತಿರಲಿಲ್ಲ. ಹತ್ತಕ್ಕೆ ಸರಿಯಾಗಿ ತೃಶ್ಶಿಲೇರಿಯಿಂದ ಮೊದಲ ಬುಕಿಂಗ್ ಬಂದಾಗ ಅತ್ತೆಸೊಸೆ ಕೈಕೈ ಹಿಡಿದು ಹುಡುಗಿಯರಂತೆ ನಕ್ಕರು. ನಿಯಮಭಂಗಕ್ಕೆ ಪ್ರಾಯಶ್ಚಿತ್ತವಾಗಿ ಎರಡು ದಿನ ಕಾಫಿ ತ್ಯಾಗವೆಂದು ಸಾರಿದ ಅತ್ತೆಯ ಧ್ವನಿಯಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ.

ಮಧ್ಯಾಹ್ನ ಶಿವನಂಜಪ್ಪ ಬಂದು, "ಏನಂತೆ ಕುಸುಮಕ್ಕ, ಬೆಳಿಗ್ಗೆ ಭಾರಿ ಗಡಿಬಿಡಿ?" ಎಂದ.

"ಏನೂ ಆಗ್ಲಿಲ್ಲ" ಎಂದರು ಅವರು, ಬಹುಮಾನ ಗೆದ್ದವರ ಸಂಭ್ರಮದಲ್ಲಿ.

ಲೋಕದಲ್ಲಿ ಕಟ್ಟಿದವರಿಗೆ ಹಾರ ಬೀಳುತ್ತದೆ, ಕೆಡವಿದವರ ಹೆಸರು ಸುದ್ದಿಯಾಗುತ್ತದೆ. ಕಾಯುವವರಿಗೆ ಎರಡೂ ಇಲ್ಲ, ಅದರ ಹಂಬಲವೂ ಅವರಿಗಿಲ್ಲ. ನಾವು ನಿಶ್ಚಿಂತೆಯಿಂದ ಕಳೆದ ಎಷ್ಟೋ ದಿನಗಳು, ನಮಗೆ ಹೆಸರೂ ಗೊತ್ತಿಲ್ಲದ ಇಂಥ ಒಬ್ಬರು ನಮಗಿಂತ ಮೊದಲೆದ್ದು ಓದಿದ ದಿನಗಳು.