ಕುಂಕುಮದ ಭರಣಿಯಲ್ಲಿದ್ದ ವರಾಹ

ನನ್ನ ಹೆಂಡತಿ ಅಂಜಿನಮ್ಮ ತೀರಿಹೋದಳೆಂದು ತಿಳಿದ ದಿನ ಶುಕ್ರವಾರ. ಆಸ್ಪತ್ರೆಯಲ್ಲಿದ್ದ ಅವಳ ಬದಲಿಗೆ ನಾನು ದೇವರಿಗೆ ದೀಪ ಹಚ್ಚಿ, ಅವಳ ಕುಂಕುಮದ ಭರಣಿಗೆ ಬೆರಳಿಟ್ಟೆ. ತಳದಲ್ಲಿ ಏನೋ ಗಟ್ಟಿಯಾಗಿ ತಗುಲಿತು. ಎತ್ತಿ ನೋಡಿದರೆ ಹಳೆಯ ಚಿನ್ನದ ವರಾಹ. ಅದರ ಮೇಲೆ ಜೊತೆಯಾಗಿ ಕುಳಿತ ಶಿವಪಾರ್ವತಿ. ಅಷ್ಟರಲ್ಲಿ ಅಮ್ಮ ಹೋದಳೆಂದು ಆಸ್ಪತ್ರೆಯಿಂದ ಮಗ ದೇವರಾಜನ ಫೋನ್ ಬಂತು. ನಾಣ್ಯ ಮತ್ತೆ ಕುಂಕುಮದೊಳಗೆ ಜಾರಿತು.

ಸೂತಕ ಬಂದು ದೇವರ ಕೋಣೆಯ ಬಾಗಿಲು ಮುಚ್ಚಿತು. ಆ ವರಾಹ ಯಾವುದೆಂದು ಮಾತ್ರ ನನಗೆ ಆಗಲೇ ಗೊತ್ತಾಗಿತ್ತು.

ಮೂರು ವರ್ಷದ ಹಿಂದೆ ಹೂಡಿಯ ನಮ್ಮ ರಾಗಿ ಹೊಲದಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡುವಾಗ ನೀಲಪ್ಪನ ಗುದ್ದಲಿಗೆ ವರಾಹಗಳು ತುಂಬಿದ ಒಂದು ಗಡಿಗೆ ಸಿಕ್ಕಿತ್ತು. ಅವನು ಯಾದಗಿರಿ ಕಡೆಯಿಂದ ದುಡಿಯಲು ಬಂದವನು, ನಮ್ಮ ವಠಾರದಲ್ಲೇ ಬಾಡಿಗೆಗಿದ್ದ. ಗಡಿಗೆಯನ್ನು ನೇರವಾಗಿ ನಮ್ಮ ಅಂಗಳಕ್ಕೆ ತಂದ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು, ಹಕ್ಕುದಾರರು ಯಾರೂ ಬರದಿದ್ದರೆ ಕಂಡವನಿಗೂ ಹೊಲದವನಿಗೂ ಪಾಲುಂಟು ಎಂದು ನಾನೇ ಅವನನ್ನು ತಾಲ್ಲೂಕು ಕಚೇರಿಗೆ ಕರೆದೊಯ್ದೆ. ನಾಣ್ಯಗಳು ಇಪ್ಪತ್ತೊಂದು ಎಂದು ಅವನೇ ಬರೆಸಿದ. ಮೇಜಿನ ಮೇಲೆ ಸುರಿದಾಗ ಇಪ್ಪತ್ತೇ ಇದ್ದವು. ಅಂದಿನಿಂದ ಅವನ ಪಾಲು ನಿಂತಿತು. ಕಳ್ಳನೆಂಬ ಮಾತು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಏನೂ ಇಲ್ಲವೆಂದು ನಾನು ಸಹಿ ಹಾಕಿದ್ದೆ.

ಸೂತಕದ ಮಧ್ಯಾಹ್ನಗಳಲ್ಲಿ ಕಣ್ಣು ಮುಚ್ಚಿದರೆ ಅಂಜಿನಮ್ಮ ಬರುತ್ತಿದ್ದಳು. ಅಪಾರ್ಟ್‌ಮೆಂಟ್ ಇರಲಿಲ್ಲ. ತೆನೆ ಬಿಟ್ಟ ರಾಗಿಯ ನಡುವೆ, ಸೊಂಟದವರೆಗೂ ಹಸಿರಾಗಿ, ಬಲಗೈ ಮುಷ್ಟಿ ಹಿಡಿದು ನಿಲ್ಲುತ್ತಿದ್ದಳು. "ಕೈ ಮುಗಿಯೋಕೆ ಆಗ್ತಿಲ್ಲ ಕಣ್ರೀ," ಎನ್ನುತ್ತಿದ್ದಳು.

ಸೂತಕ ಕಳೆದ ಮೇಲೆ ದೇವರಾಜನಿಗೆ ವರಾಹದ ವಿಷಯ ಹೇಳಿದೆ, ಕಚೇರಿಗೆ ಕೊಡಬೇಕೆಂದೆ.

"ಸುಮ್ನಿರಪ್ಪ. ಈಗ ಕೊಟ್ರೆ ಬಚ್ಚಿಟ್ಟಿದ್ರು ಅಂತ ಕೇಸ್ ಆಗುತ್ತೆ. ಅಮ್ಮನ ಹೆಸರೂ ಕೆಡುತ್ತೆ."

"ನೀಲಪ್ಪನ ಹೆಸರು?"

ಅವನು ಫೋನ್ ಹಿಡಿದು ಹೊರಗೆ ಹೋದ.

ನೀಲಪ್ಪನ ಕೋಣೆಗೆ ಹೋದೆ. ಅವನ ಹೆಂಡತಿ ಶಿವಗಂಗಾ ಚಾಪೆ ಹಾಸಿದಳು. ಮೂರು ವರ್ಷವೂ ಅಂಜಿನಮ್ಮನ ಶುಕ್ರವಾರದ ಪ್ರಸಾದ ಮೊದಲು ಈ ಬಾಗಿಲಿಗೇ ಬರುತ್ತಿತ್ತು. ಏಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ವಿಷಯ ಹೇಳಿದಾಗ ನೀಲಪ್ಪ ತಲೆ ತಗ್ಗಿಸಿದ. "ಗೊತ್ತಿತ್ರಿ ಯಜಮಾನ್ರ. ಗಡಿಗಿ ತಂದ ದಿನ ಅವ್ವಾರ ಕೈಯಾಗ ಒಂದು ನಾನ ಕೊಟ್ಟಿದ್ದೆ, ನೋಡಿ ಕೊಡ್ತೀನಿ ಅಂದಿದ್ರು. ತಿರುಗಿ ಹಾಕ್ಯಾರ ಅಂತ ತಿಳ್ಕೊಂಡು ಇಪ್ಪತ್ತೊಂದು ಬರೆಸಿದೆ. ಆಮ್ಯಾಲೆ ನೋಡಿದ್ರ ದೇವ್ರ ಮುಂದ ಕುಂಕುಮ ಹಚ್ಚಿ ಇಟ್ಟಾರ. ಪೂಜೆಗೆ ಕುಂತ ದೇವ್ರನ್ನ ಎಬ್ಬಿಸ್ರಿ ಅಂತ ಹ್ಯಾಂಗ ಹೇಳ್ಲಿ?"

"ಕಳ್ಳ ಅಂದ್ರಲ್ಲೋ ನಿನ್ನ."

"ನಮ್ಮೂರಾಗ ಪೆದ್ದ ಅಂತಿದ್ರು ರೀ. ಇಲ್ಲಿ ಬಡ್ತಿ ಆತು."

ಶಿವಗಂಗಾ ಅವನನ್ನು ಗದರಿದಳು. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರು.

ದೇವರನ್ನು ಎಬ್ಬಿಸಬಹುದು. ನಾನು ಮನೆಗೆ ಬಂದು ಮಿಂದು ದೀಪ ಹಚ್ಚಿದೆ. ವರಾಹಕ್ಕೆ ಅಕ್ಷತೆ ಹಾಕಿ, ಗೌರಿಯನ್ನು ಕಳುಹಿಸುವಾಗ ಮಾಡುವಂತೆ ಉತ್ತರಕ್ಕೆ ಮೂರು ಸಲ ಸರಿಸಿದೆ. "ಅವಳ ಪೂಜೆ ಮುಗಿಯಿತು. ಎದ್ದು ಹೋಗಿ ಬನ್ನಿ," ಎಂದು ಬೇಡಿಕೊಂಡೆ. ಮೂರು ವರ್ಷದ ಕುಂಕುಮ ತೊಳೆದ ನೀರನ್ನು ತುಳಸಿಗೆ ಎರೆದೆ. ಅಂಗೈಯಲ್ಲಿ ಉಳಿದದ್ದು ಬರಿಯ ಚಿನ್ನ, ಸರ್ಕಾರಕ್ಕೆ ಸೇರಬೇಕಾದದ್ದು.

ನೀಲಪ್ಪನನ್ನೂ ಕರೆದುಕೊಂಡು ಕಚೇರಿಗೆ ಹೋದೆ.

"ಯಾರ ಹತ್ರ ಇತ್ತು ಯಜಮಾನ್ರೆ?" ಎಂದು ಗುಮಾಸ್ತ ಕೇಳಿದ.

"ನನ್ನ ಹೆಂಡತಿ ಹತ್ರ. ಇವನು ಕದ್ದಿಲ್ಲ. ಹಾಗೇ ಬರ್ಕೊಳ್ಳಿ."

"ನಿಮ್ಗೇ ತೊಂದ್ರೆ ಆಗ್ಬಹುದು."

"ಆಗ್ಲಿ."

ಅವನು ಬರೆದು ಗಟ್ಟಿಯಾಗಿ ಓದಿದ: ನಾಣ್ಯಗಳು ಇಪ್ಪತ್ತೊಂದು, ನೀಲಪ್ಪನ ಹೇಳಿಕೆ ಸರಿ. ನೀಲಪ್ಪ ಇನ್ನೊಮ್ಮೆ ಓದಿಸಿ ಕೇಳಿದ.

ಆ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಅಂಜಿನಮ್ಮ ರಾಗಿಯ ನಡುವೆ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕುಂಕುಮದ ಬಣ್ಣವಷ್ಟೇ ಇತ್ತು. ಎರಡೂ ಕೈ ಜೋಡಿಸಿದಳು. ತೆನೆಗಳು ಅವಳನ್ನು ಮುಚ್ಚಿಕೊಂಡವು.

ಸ್ವಾಮಿ ಶಿವನೇ, ನಿನ್ನನ್ನೂ ತಾಯಿ ಪಾರ್ವತಿಯನ್ನೂ ಅಂಗೈಯಲ್ಲಿ ಕಂಡವಳಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆ ತಪ್ಪನ್ನು ಮನ್ನಿಸು. ಅವಳ ಕೈ ಈಗ ಬರಿದಾಗಿದೆ, ಹಿಡಿದುಕೋ. ನಿಮ್ಮಿಬ್ಬರ ಪಾದದ ಬಳಿ ಅವಳಿಗೆ ಶಾಂತಿ ಸಿಗಲಿ.