ಎರಡು ಕುರ್ಚಿಗಳ ನಡುವೆ

ನಮ್ಮ ಡೋಕುಂ ಊರಿನಲ್ಲಿ ಹುಟ್ಟುಹಬ್ಬವೆಂದರೆ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುವುದು. ಬಂದವರು ಹುಟ್ಟುಹಬ್ಬದವರಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು. ಇಡೀ ಸುತ್ತು ಹೊಡೆದು ಕೂತವರೆಲ್ಲರ ಕೈ ಕುಲುಕಿ "ಅಭಿನಂದನೆ" ಎನ್ನಬೇಕು. ಹುಟ್ಟಿದ್ದು ಅಮ್ಮನಾದರೆ ಪಕ್ಕದ ಮನೆಯವರಿಗೇಕೆ ಅಭಿನಂದನೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ಉತ್ತರದ ಬದಲು ಒಂದು ತುಂಡು ಕೇಕ್ ಸಿಗುತ್ತದೆ. ಎರಡನೆಯ ತುಂಡು ಕೇಳುವಂತಿಲ್ಲ.

ಮೈಗ್ರೇನ್ ನಮ್ಮ ಮನೆತನದ ಆಸ್ತಿ. ಅಮ್ಮ ಅದನ್ನು ಅಕ್ಕ ಗೇಸ್ಕೆಗೂ ನನಗೂ ಸಮನಾಗಿ ಹಂಚಿದ್ದಾಳೆ. ಹೋದ ಚಳಿಗಾಲದಲ್ಲಿ ನನ್ನ ಬೆರಳು ಜುಮುಗುಟ್ಟಿ, ಮಾತು ತೊದಲಿದಾಗ ಪಾರ್ಶ್ವವಾಯುವೇ ಬಡಿಯಿತೆಂದು ಹೆದರಿ ಆಂಬುಲೆನ್ಸ್ ಕರೆಸಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು: "ಇದು ಮೈಗ್ರೇನೇ. ಇದು ನಿಧಾನಕ್ಕೆ ನಡ್ಕೊಂಡು ಬರುತ್ತೆ. ಮೊದ್ಲು ಕಣ್ಮುಂದೆ ಮಿಣುಕು, ಆಮೇಲೆ ಬೆರಳು, ಅಲ್ಲಿಂದ ತುಟಿ. ಪಾರ್ಶ್ವವಾಯು ಸಾಮಾನ್ಯವಾಗಿ ಹಾಗಲ್ಲ, ಒಂದೇ ಏಟಿಗೆ ಕೈಯನ್ನೋ ಮಾತನ್ನೋ ಕಿತ್ಕೊಂಡುಬಿಡುತ್ತೆ. ಆದ್ರೂ ಅನುಮಾನ ಬಂದ್ರೆ ಫೋನ್ ಮಾಡಿ. ಯಾರೂ ಬೈಯಲ್ಲ."

ನಿಜ, ಯಾರೂ ಬೈಯಲಿಲ್ಲ. ಮನೆಯವರು ನಕ್ಕರು, ಅಷ್ಟೆ. ಅಂದಿನಿಂದ ನಾನು ಸೀನಿದರೂ ಡೌವೆ ಮಾವ, "ಏನಮ್ಮ ನಿಂಕೆ, ಆಂಬುಲೆನ್ಸಿಗೆ ಹೇಳ್ಲಾ?" ಎಂದು ನನ್ನ ಹೆಸರು ಹಿಡಿದು ಕೇಳುತ್ತಾರೆ.

ಅಮ್ಮನಿಗೆ ಎಪ್ಪತ್ತಾದ ದಿನ ಗೇಸ್ಕೆ ತಡವಾಗಿ ಬಂದಳು. ಅವಳದು ಕ್ಷೌರದ ಅಂಗಡಿ. ಆ ಸುತ್ತಿನಲ್ಲಿ ಕೂತಿದ್ದ ಅರ್ಧ ತಲೆಗಳು ಅವಳ ಬಲಗೈಯ ಕೆಲಸವೇ. ಅಮ್ಮನಿಗೆ ಮುತ್ತಿಟ್ಟು ಸುತ್ತು ಶುರುಮಾಡಿದಳು. ಟ್ರೂಸ್ ಚಿಕ್ಕಮ್ಮನ ಕೈ ಕುಲುಕುವಾಗ ಗೋಡೆಯ ಗಡಿಯಾರ ಮೂರು ಹೊಡೆಯಿತು. ಮುಂದಿನ ಕುರ್ಚಿ ಡೌವೆ ಮಾವನದು. ಅಲ್ಲಿ ಅವಳ "ಅಭಿನಂದನೆ" ಅರ್ಧಕ್ಕೇ ನಿಂತಿತು. ಪಕ್ಕದ ಖಾಲಿ ಕುರ್ಚಿಯಲ್ಲಿ ಕುಸಿದು ಕೂತಳು. ಎಲ್ಲರೂ ಸೌಜನ್ಯದಿಂದ ತಮ್ಮ ತಮ್ಮ ಕಾಫಿ ಕಲಕಿದರು.

"ತಲೆನೋವು ಬಂದಿರ್ಬೇಕು," ಎಂದಳು ಅಮ್ಮ. "ಮೇಲೆ ಕರ್ಕೊಂಡು ಹೋಗಿ ಮಲಗ್ಸೇ. ಪರದೆ ಎಳಿ."

ನಾನು ಕಾಫಿಯ ಜಗ್ ಕೆಳಗಿಟ್ಟು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಅಕ್ಕಾ, ಮಿಣುಕು ಕಂಡ್ತಾ?"

ಇಲ್ಲವೆಂದು ತಲೆಯಾಡಿಸಿದಳು. ತುಟಿಯ ಬಲತುದಿ ಜೋತುಬಿದ್ದಿತ್ತು.

"ಎರಡೂ ಕೈ ಎತ್ತು."

ಎಡಗೈ ಮಾತ್ರ ಎದ್ದಿತು. ನಾನು ಫೋನ್ ತೆಗೆದೆ.

"ಶುರುವಾಯ್ತಪ್ಪ ಇವಳದು," ಎಂದರು ಡೌವೆ ಮಾವ. "ಕೇಕ್ ಆದ್ರೂ ನೆಮ್ಮದಿಯಾಗಿ ತಿನ್ನಕ್ಕೆ ಬಿಡು."

"ಮಾವ, ಈಗ ಕುಲುಕಿದ್ಳಲ್ಲ, ಅವಳ ಕೈ ಹೆಂಗಿತ್ತು?"

ಮಾವ ತಟ್ಟೆಯನ್ನೇ ನೋಡುತ್ತ ಕೂತರು. "ಒದ್ದೆ ಬಟ್ಟೆ ಹಿಡ್ದ ಹಾಗಿತ್ತು. ಇಂಥ ದಿನ ಅದನ್ನೆಲ್ಲ ಯಾಕೆ ಆಡೋದು ಅಂತ ಸುಮ್ನಿದ್ದೆ."

"ಚಿಕ್ಕಮ್ಮ, ನಿಮ್ಮ ಹತ್ರ?"

"ನಂಗೆ ಚೆನ್ನಾಗೇ ಕೈ ಕೊಟ್ಳಲ್ಲೇ. ಕೂದಲಿಗೆ ಬಣ್ಣ ಹಚ್ಚೋ ಹೊತ್ತಾಯ್ತು ಅಂತ ತಮಾಷೆನೂ ಮಾಡಿದ್ಳು."

ಅವರಿಬ್ಬರ ಕುರ್ಚಿಗಳು ಒಂದಕ್ಕೊಂದು ತಾಗಿಕೊಂಡಿದ್ದವು. ನಮ್ಮ ಮೈಗ್ರೇನ್ ನನಗೆ ಗೊತ್ತು, ಅದು ಭಾರಿ ಸೋಮಾರಿ. ಬೆರಳಿನಿಂದ ತುಟಿಗೆ ಬರಲೇ ಅದಕ್ಕೆ ಕಾಲು ಗಂಟೆ ಬೇಕು. ಎರಡು ಕುರ್ಚಿಗಳ ಸಂದಿಯಲ್ಲಿ ಕೈ, ಮಾತು ಎರಡನ್ನೂ ಕಸಿಯುವ ಚುರುಕು ಅದಕ್ಕೆಲ್ಲಿಂದ ಬರಬೇಕು?

ಆಂಬುಲೆನ್ಸಿನವರು ಬಂದರು. ಅವರಲ್ಲೊಬ್ಬ ಅಭ್ಯಾಸಬಲದಿಂದ ಅಮ್ಮನ ಕೈ ಕುಲುಕಿ "ಅಭಿನಂದನೆ" ಎಂದೇಬಿಟ್ಟ. ಅಮ್ಮನೂ ಅಭ್ಯಾಸಬಲದಿಂದ ಅವನಿಗೆ ಕೇಕ್ ತರಲು ಎದ್ದಳು. ಜೊತೆಗಿದ್ದ ನರ್ಸ್ ಮಾತ್ರ ನೇರವಾಗಿ ಕೇಳಿದಳು: "ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ?"

"ನನ್ನ ಕುರ್ಚಿ ಹತ್ರ, ಮೂರು ಗಂಟೆಗೆ," ಎಂದರು ಚಿಕ್ಕಮ್ಮ.

"ನನ್ನ ಹತ್ರ ಬರೋ ಹೊತ್ತಿಗೆ ಹೋಗಿತ್ತು," ಎಂದರು ಮಾವ. ಕೇಕಿನ ತಟ್ಟೆಯನ್ನು ಕೆಳಗಿಟ್ಟರು.

"ಇಷ್ಟು ಸರಿಯಾಗಿ ಯಾರೂ ಹೇಳಲ್ಲ," ಎಂದು ನರ್ಸ್ ಬರೆದುಕೊಂಡಳು. "ಹೆಪ್ಪು ಕರಗಿಸೋ ಔಷಧಿ ಕೊಡಬೇಕಾದ್ರೆ ಮೊದ್ಲು ಬೇಕಾಗೋದೇ ಈ ಹೊತ್ತು."

ಆಂಬುಲೆನ್ಸಿಗೆ ನಾನೂ ಹತ್ತಿದೆ. ಗೇಸ್ಕೆ ಕತ್ತರಿ ಹಿಡಿಯದೆ ಬದುಕುವುದನ್ನು ನೆನೆಯಲೂ ಆಗಲಿಲ್ಲ. ಅವಳಿಲ್ಲದೆ ನಾನು ಬದುಕುವುದನ್ನಂತೂ ಇಲ್ಲವೇ ಇಲ್ಲ.

ಔಷಧಿ ಹಿಡಿಯಿತು. ಮರುದಿನ ಹೋದಾಗ ದಿಂಬಿಗೆ ಒರಗಿ ಕೂತಿದ್ದಳು. ಪದಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದಳು, ಆದರೆ ಆಡುತ್ತಿದ್ದಳು.

"ಮಿಣುಕು ಇಲ್ದೆ ಅದು ಹೆಂಗೆ ತಲೆನೋವು ಅಂದ್ಕೊಂಡೆ ನೀನು?" ಎಂದು ಕೇಳಿದೆ.

"ಅಂದ್ಕೊಳ್ಳಲಿಲ್ಲ ಕಣೇ," ಎಂದಳು. "ಬೆಳಿಗ್ಗೆ... ಅಂಗಡೀಲೂ ಒಂದ್ಸಲ ಆಗಿತ್ತು. ಕತ್ತರಿ ಬಿದ್ಹೋಯ್ತು. ಆಮೇಲೆ ಸರಿಹೋಯ್ತು. ಅಮ್ಮನ ಎಪ್ಪತ್ತು... ಹಾಳು ಮಾಡೋದು ಬೇಡ ಅಂತ..."

ಸಿಟ್ಟು ನೆತ್ತಿಗೇರಿತು. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬಲಗೈ ಹೊದಿಕೆಯ ಮೇಲೆ ತೆವಳುತ್ತ ಬಂದು ನನ್ನ ಬೆರಳುಗಳನ್ನು ಹಿಡಿಯಿತು. ಹಿಡಿತ ಬಿಗಿಯಾಯಿತು, ಇನ್ನೂ ಬಿಗಿಯಾಯಿತು. ಬೆರಳು ನೋಯತೊಡಗಿತು. ನಾನು ಬಿಡಿಸಿಕೊಳ್ಳಲಿಲ್ಲ.