ಹಿಡಿ ಸಾಸಿವೆ

ಸಾಸಿವೆ ಬೆವರಿಗೆ ಅಂಟಿಕೊಳ್ಳುತ್ತಿದೆ, ಅಂಗೈಯ ಗೆರೆಗೆರೆಯಲ್ಲೂ ಕಾಳು, ಎರಚಮ್ಮ ಮೈಥಿಲಿ, ನಾಲ್ಕೂ ದಿಕ್ಕಿಗೆ ಎರಚು, ಪುರೋಹಿತರು ಮೂರನೆಯ ಸಲ ಹೇಳುತ್ತಿದ್ದಾರೆ, ಈ ನೆಲದಲ್ಲಿ ಮೊದಲಿಂದ ಇರೋರೆಲ್ಲ ಎದ್ದು ಹೋಗಲಿ ಅಂತ ಇದರ ಅರ್ಥ, ಇದಾಗದೆ ಗೃಹಪ್ರವೇಶದ ಹಾಲು ಉಕ್ಕಿಸೋ ಹಾಗಿಲ್ಲ — ಅರ್ಥ ಹೇಳದೆ ಇದ್ದಿದ್ದರೆ ಎರಚಿಬಿಡುತ್ತಿದ್ದಳೇನೋ, ಮೈಸೂರಿನಲ್ಲಿ ಅಕ್ಕನ ಮನೆಗೆ ನಗುನಗುತ್ತಾ ಎರಚಿದ್ದಳಲ್ಲ, ಅಲ್ಲಿ ಎದ್ದು ಹೋಗಬೇಕಾದದ್ದು ಭೂತಗಳು, ಇಲ್ಲಿ? ಇಲ್ಲಿ ಬಡಾವಣೆಯ ಬಾಗಿಲಲ್ಲೇ ಬೋರ್ಡು, ಚೆರೋಕೀ ಆರ್ಚರ್ಡ್ಸ್, ಅಟ್ಲಾಂಟಾಕ್ಕೆ ನಲವತ್ತು ನಿಮಿಷ, ಇಲ್ಲಿಂದ ಯಾರನ್ನು ಓಡಿಸಿದರೋ ಆ ಮೂಲನಿವಾಸಿ ಚೆರೋಕೀ ಇಂಡಿಯನ್ನರ ಹೆಸರನ್ನೇ ಬಂಗಾರದ ಬಣ್ಣದಲ್ಲಿ ಬರೆಸಿ ಸುತ್ತ ಹೂಗಿಡ ನೆಟ್ಟಿದ್ದಾರೆ, ಥೂ — ಬೆಳಿಗ್ಗೆ ಪೂಜೆಗೆ ಬಂದ ಮೋಹಿನಿ ಆಂಟಿ ಅದನ್ನು ನೋಡಿ, ಆ ಇಂಡಿಯನ್ಸ್ ಹೋದ್ರು, ಈ ಇಂಡಿಯನ್ಸ್ ಬಂದ್ವಿ ನೋಡೇ, ಅಂದರು, ಎಲ್ಲರೂ ನಕ್ಕರು, ಮೈಥಿಲಿಯೂ ನಕ್ಕಳು, ಆ ನಗು ಇನ್ನೂ ನಾಲಿಗೆಯ ಮೇಲೆ ಕಹಿ — ಹೋಗಲಿಲ್ಲ ಆಂಟಿ, ಎಬ್ಬಿಸಿದರು, ಹೋದ ಶನಿವಾರ ಚೆರೋಕೀಗಳ ಹಳೆಯ ರಾಜಧಾನಿಯ ಜಾಗ ನೋಡಲು ಹೋದಾಗ ಗೈಡ್ ಹೆಂಗಸು, ಅವರದೇ ಕುಲದವಳು, ಹೇಳಿದಳು, ಸಾವಿರದ ಎಂಟುನೂರ ಮೂವತ್ತೆಂಟು, ಮೇ ತಿಂಗಳು, ನನ್ನ ಮುತ್ತಜ್ಜಿಯ ತಾಯಿ ಜೋಳದ ಅಂಬಲಿ ಕಾಯಿಸುತ್ತಿದ್ದಳು, ಬಾಗಿಲಲ್ಲಿ ಸರ್ಕಾರಿ ಸಿಪಾಯಿಗಳ ಬಂದೂಕಿನ ಮೊನೆ, ನಡೆಯಿರಿ ಅಂದರು, ಗಡಿಗೆ ಇಳಿಸಲೂ ಬಿಡಲಿಲ್ಲ — ಸಾವಿರ ಮೈಲಿ ನಡೆಸಿದರು, ಇಬ್ಬರು ಮಕ್ಕಳನ್ನು ದಾರಿಯಲ್ಲೇ ಹೂತಳು, ಆದರೂ ಸಾಯುವವರೆಗೆ ಅವಳು ಕೇಳುತ್ತಿದ್ದುದು ಒಂದೇ, ಆ ಗಡಿಗೆಯನ್ನು ಯಾರು ಇಳಿಸಿದರು? ಹೋಮದ ಹೊಗೆಗೆ ಸ್ಮೋಕ್ ಅಲಾರಂ ಕಿರುಚುತ್ತದೆ, ಗಂಡ ಯಶವಂತ ಅದಕ್ಕೆ ಟವಲ್ ಬೀಸುತ್ತಲೇ ಗದರುತ್ತಾನೆ, ಏನೇ ನಿಂದು, ಮುಹೂರ್ತ ಮೀರ್ತಾ ಇದೆ, ನಾವೇನ್ ಬಂದೂಕು ಹಿಡ್ಕೊಂಡು ಬಂದ್ವಾ, ಕ್ಲೋಸಿಂಗಲ್ಲಿ ಮನೆ ಪತ್ರಕ್ಕೆ ಸೈನ್ ಮಾಡೋವಾಗ ಎಲ್ಲಿ ಹೋಗಿತ್ತು ಈ ವೇದಾಂತ? — ಹೌದು, ಸೈನ್ ಮಾಡಿದಳು, ಪುಟಪುಟಕ್ಕೂ, ಅಡಿಗೆಮನೆ ಎಷ್ಟು ದೊಡ್ಡದು ಅಂತ ಕುಣಿದಳು, ಅದಕ್ಕೇ ಈ ಸಿಟ್ಟು, ಬೋರ್ಡು ಬರೆಸಿದವರಿಗಿಂತ ತನ್ನ ಮೇಲೇ, ಗಡಿಗೆ ಇನ್ನೂ ಒಲೆಯ ಮೇಲೇ ಇದೆ — ಎರಚುವುದಿಲ್ಲ, ನೂರೈವತ್ತೆಂಟು ವರ್ಷವಾದ ಮೇಲೆ, ಈ ತೊಂಬತ್ತಾರನೇ ಇಸವಿಯಲ್ಲಿ, ಅವರಿಗೆ ಎರಡನೇ ಸಲ ಎದ್ದು ಹೋಗಿ ಅನ್ನುವವಳು ನಾನಲ್ಲ, ಮುಷ್ಟಿ ಬಿಗಿಯುತ್ತದೆ, ಯಶವಂತ ಬಂದು ಮಣಿಕಟ್ಟು ಹಿಡಿದು ಬೆರಳು ಬಿಡಿಸುತ್ತಾನೆ, ಒಂದೊಂದಾಗಿ, ನೆಂಟರ ಕಡೆ ನಗುತ್ತಲೇ, ಸಾಸಿವೆ ಹೊಸ ಕಾರ್ಪೆಟ್ಟಿನ ಮೇಲೆ ಚೆಲ್ಲುತ್ತದೆ, ಆಯ್ತಲ್ಲ, ಶುಭ, ಅನ್ನುತ್ತಾರೆ ಪುರೋಹಿತರು, ಅಡಿಗೆಮನೆಯಲ್ಲಿ ಹಾಲು ಏಳುತ್ತಿದೆ, ಉಕ್ಕಿತು, ಉಕ್ಕಿತು, ಚಪ್ಪಾಳೆ, ಕರೆಂಟ್ ಒಲೆಯ ಕೆಂಪು ಸುರುಳಿಯ ಮೇಲೆ ಸೀದ ವಾಸನೆ, ಯಾರಾದ್ರೂ ಇಳಿಸ್ರೇ, ಅನ್ನುತ್ತಾರೆ ಆಂಟಿ, ಯಾರೂ ಕೈ ಹಾಕುವುದಿಲ್ಲ, ಬಾಗಿಲಲ್ಲಿ ಬಂದೂಕಿನ ಮೊನೆ, ಅಂಬಲಿ ಕುದಿಯುತ್ತಿದೆ, ಗಡಿಗೆ ಇಳಿಸುವವರಿಲ್ಲ, ಒಲೆಯ ಮೇಲೆ ಗಡಿಗೆ, ಗಡಿಗೆ —